ಕಬ್ಬಿನ ಹೊರೆಯ ಹಿಂದೆ ಕಾಣದ ಕೆಂಪು ದೀಪ

ಕಾರ್ತಿಕ ಏಕಾದಶಿ ಹತ್ತಿರ ಬಂತೆಂದರೆ ಉಮದಿಯ ರಸ್ತೆಗೆ ಎರಡು ಸಾಲು ಇಳಿಯುತ್ತವೆ. ಒಂದು, ವಿಜಯಪುರದ ಕಡೆಯಿಂದ ಮಂಗಳವೇಢೆಯ ಮೇಲೆ ಹಾದು ಪಂಢರಪುರಕ್ಕೆ ನಡೆಯುವ ದಿಂಡಿಗಳ ಸಾಲು. ಇನ್ನೊಂದು, ಕಬ್ಬು ಹೇರಿಕೊಂಡು ಕಾರ್ಖಾನೆಯ ದಾರಿ ಹಿಡಿದ ಟ್ರ್ಯಾಕ್ಟರ್‌ಗಳ ಸಾಲು. ವಿಠ್ಠಲನ ಯಾತ್ರೆಯೂ ಕಬ್ಬಿನ ಹಂಗಾಮೂ ಕೂಡಿ ಬರುವ ಈ ದಿನಗಳಲ್ಲಿ ಸೂರ್ಯ ಬೇಗ ಮುಳುಗುತ್ತಾನೆ, ರಸ್ತೆ ತಡವಾಗಿ ಮಲಗುತ್ತದೆ. ಸಾಂಗಲಿ ಜಿಲ್ಲೆಯ ಜತ್ತ ತಾಲ್ಲೂಕಿನ ಈ ಕನ್ನಡ ಊರಿನಲ್ಲಿ ಒಂದು ರಾತ್ರಿ ರಸ್ತೆ ಬದಿ ನಿಂತು ಹಾದುಹೋಗುವ ವಾಹನಗಳ ಬೆನ್ನನ್ನಷ್ಟೇ ನೋಡಿದರೆ ಸಾಕು, ದೇಶದ ವಾಹನ ದೀಪಗಳ ಕಾಯ್ದೆ ಎಲ್ಲಿ ನಡೆಯುತ್ತಿದೆ, ಎಲ್ಲಿ ಕುಂಟುತ್ತಿದೆ ಎಂಬುದು ತಿಳಿಯುತ್ತದೆ.

ಕೆಲವು ಬೆನ್ನುಗಳ ತುಂಬ ದೀಪ. ಬೈಕಿನ ನಂಬರ್ ಪ್ಲೇಟಿನ ಸುತ್ತ ಎಲ್‌ಇಡಿ ಪಟ್ಟಿ, ಬ್ರೇಕ್ ಒತ್ತಿದಾಗ ಪಟಪಟನೆ ಮಿಟುಕುವ ಫ್ಲ್ಯಾಶರ್, ಜೀಪಿನ ಬಂಪರಿನಲ್ಲಿ ನೀಲಿ-ಕೆಂಪು ಸ್ಟ್ರೋಬ್, ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಹಾಡಿನ ತಾಳಕ್ಕೆ ಕುಣಿಯುವ ಬಣ್ಣದ ಬಲ್ಬು. ಇನ್ನು ಕೆಲವು ಬೆನ್ನುಗಳಲ್ಲಿ ಏನೂ ಇಲ್ಲ. ಕಬ್ಬು ಹೊತ್ತ ಜೋಡಿ ಟ್ರೇಲರಿನ ಹಿಂದೆ ಜೋತುಬಿದ್ದ ಸೋಗೆ, ಅದರೊಳಗೆ ಎಲ್ಲೋ ಹೂತುಹೋದ ಒಡೆದ ಟೇಲ್ ಲೈಟ್, ತುಂಡಾಗಿ ನೇತಾಡುವ ವೈರು. ಮೊದಲನೆಯವನು ಕಾಸು ಕೊಟ್ಟು ದೀಪ ಹಾಕಿಸಿದ್ದಾನೆ, ಎರಡನೆಯವನು ಇದ್ದ ದೀಪವನ್ನೂ ಕಳೆದುಕೊಂಡಿದ್ದಾನೆ. ಹಿಂದೆ ಬರುವವನ ಪಾಲಿಗೆ ಮಾತ್ರ ಇಬ್ಬರೂ ಒಂದೇ: ಮುಂದಿನ ವಾಹನ ನಿಲ್ಲುತ್ತಿದೆಯೋ ಓಡುತ್ತಿದೆಯೋ ಎಂಬುದು ಇಬ್ಬರ ಬೆನ್ನಿನಿಂದಲೂ ಗೊತ್ತಾಗುವುದಿಲ್ಲ.

ಒಂದೇ ಬಣ್ಣ, ಎರಡು ಸುದ್ದಿ

ವಾಹನದ ಹಿಂದಿನ ಕೆಂಪು ದೀಪ ಎರಡು ಕೆಲಸ ಮಾಡುತ್ತದೆ. ಮಂದವಾಗಿ ಉರಿಯುವಾಗ ‘ಇಲ್ಲೊಂದು ವಾಹನವಿದೆ’ ಎನ್ನುತ್ತದೆ. ಬ್ರೇಕ್ ಒತ್ತಿದ ಕೂಡಲೇ ಪ್ರಖರವಾಗಿ ‘ವೇಗ ತಗ್ಗುತ್ತಿದೆ’ ಎನ್ನುತ್ತದೆ. ಎರಡೂ ಸುದ್ದಿ ಒಂದೇ ಬಣ್ಣದಲ್ಲಿ ಬರುವುದರಿಂದ ಅವುಗಳನ್ನು ಬೇರ್ಪಡಿಸುವುದು ಬೆಳಕಿನ ಪ್ರಮಾಣವೊಂದೇ. ವಿಶ್ವಸಂಸ್ಥೆಯ ವಾಹನ ನಿಯಮಗಳು ಇದಕ್ಕೆ ಅಂಕಿ ಕೊಟ್ಟಿವೆ. ಮಾಮೂಲಿ ಟೇಲ್ ಲೈಟ್ 4ರಿಂದ 17 ಕ್ಯಾಂಡೆಲಾ, ಬ್ರೇಕ್ ಲೈಟ್ 60ರಿಂದ 260 ಕ್ಯಾಂಡೆಲಾ. ಅತಿ ಪ್ರಖರ ಟೇಲ್ ಲೈಟಿಗೂ ಅತಿ ಮಂದ ಬ್ರೇಕ್ ಲೈಟಿಗೂ ಮೂರು ಪಟ್ಟಿಗಿಂತ ಹೆಚ್ಚು ಅಂತರ ಇರಲೇಬೇಕೆಂದು ನಡುವೆ ಜಾಗ ಬಿಟ್ಟಿದ್ದಾರೆ. ಮೇಲಿನ ಮಿತಿಗೂ ಕಾರಣವಿದೆ. ರಾತ್ರಿ ಸಾಲುಗಟ್ಟಿ ನಿಂತಾಗ ಹಿಂದಿನವನ ಕಣ್ಣು ಕುಕ್ಕಬಾರದು.

ಅಂಗಡಿಯಲ್ಲಿ ಕೊಂಡ ಹೆಚ್ಚುವರಿ ಎಲ್‌ಇಡಿ ಪಟ್ಟಿಯ ಮೊದಲ ತೊಂದರೆ ಇಲ್ಲಿದೆ. ಸದಾ ಉರಿಯುವ ಕೆಂಪು ಪಟ್ಟಿಯನ್ನು ಟೇಲ್ ಲೈಟಿನ ಪಕ್ಕ ಅಂಟಿಸಿದರೆ ಬ್ರೇಕ್ ಒತ್ತುವ ಮುನ್ನವೇ ಹಿಂಬದಿ ಪ್ರಖರವಾಗಿರುತ್ತದೆ. ಆಮೇಲೆ ಬ್ರೇಕ್ ಲೈಟ್ ಹತ್ತಿದರೂ ವ್ಯತ್ಯಾಸ ಎದ್ದು ಕಾಣದು. ಸಂತೆಯಲ್ಲಿ ಎಲ್ಲರೂ ಕೂಗುವಾಗ ನಮ್ಮ ಮನೆಯವರ ಕೂಗು ಕಿವಿಗೆ ಬೀಳದ ಹಾಗೆ. ಬೈಕಿನ ಟೇಲ್ ಲೈಟಿಗೆ ಕಪ್ಪು ಫಿಲ್ಮ್ ಅಂಟಿಸುವವರು ಇದೇ ತಪ್ಪನ್ನು ತಿರುಗಾಮುರುಗಾ ಮಾಡುತ್ತಾರೆ. ಅಲ್ಲಿ ಬ್ರೇಕ್ ಲೈಟೇ ಟೇಲ್ ಲೈಟಿನ ಮಟ್ಟಕ್ಕೆ ಇಳಿಯುತ್ತದೆ.

ಈಗ ಕಬ್ಬಿನ ಟ್ರೇಲರಿನ ಲೆಕ್ಕ ಹಾಕೋಣ. ಕತ್ತಲಲ್ಲಿ ಒಬ್ಬ ಬೈಕ್ ಸವಾರ ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುತ್ತಿದ್ದಾನೆ, ಅಂದರೆ ಸೆಕೆಂಡಿಗೆ ಸುಮಾರು 16.7 ಮೀಟರ್. ಮುಂದೆ ಲೋಡಾದ ಟ್ರ್ಯಾಕ್ಟರ್ ಗಂಟೆಗೆ 20 ಕಿ.ಮೀ.ನಲ್ಲಿ ಹೋಗುತ್ತಿದೆ. ಇಬ್ಬರ ನಡುವಿನ ಅಂತರ ಸೆಕೆಂಡಿಗೆ 11 ಮೀಟರಿನಂತೆ ಕರಗುತ್ತದೆ. ಟೇಲ್ ಲೈಟ್ 155 ಮೀಟರ್ ದೂರದಿಂದ ಕಾಣಬೇಕು ಎನ್ನುತ್ತದೆ ಕೇಂದ್ರ ಮೋಟಾರು ವಾಹನ ನಿಯಮ. ಹಾಗೆ ಕಂಡರೆ ಸವಾರನ ಕೈಯಲ್ಲಿ 14 ಸೆಕೆಂಡು ಇರುತ್ತದೆ, ನಿರಾಳವಾಗಿ ಪಕ್ಕಕ್ಕೆ ಸರಿಯಬಹುದು. ದೀಪವೇ ಇಲ್ಲದೆ, ಡಿಮ್ ಬೆಳಕಿಗೆ 40 ಮೀಟರಿನಲ್ಲಿ ಕಬ್ಬಿನ ರಾಶಿ ಕಂಡರೆ ಉಳಿಯುವುದು ಮೂರೂವರೆ ಸೆಕೆಂಡು. ಕಣ್ಣು ಕಂಡದ್ದನ್ನು ಮಿದುಳು ಗ್ರಹಿಸಿ ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಅದರಲ್ಲಿ ಒಂದೂವರೆ ಸೆಕೆಂಡು ಕಳೆದುಹೋಗಿರುತ್ತದೆ. ಟ್ರ್ಯಾಕ್ಟರ್ ಪಂಕ್ಚರಾಗಿ ನಿಂತೇಬಿಟ್ಟಿದ್ದರೆ ಒಟ್ಟು ಸಿಗುವುದೇ ಎರಡೂವರೆ ಸೆಕೆಂಡಿಗಿಂತ ಕಡಿಮೆ. ಎದುರಿನಿಂದ ಇನ್ನೊಂದು ವಾಹನದ ಹೆಡ್‌ಲೈಟ್ ಕಣ್ಣಿಗೆ ಹೊಡೆದರಂತೂ ಅಷ್ಟೂ ಇಲ್ಲ.

ಇದು ಉಮದಿಯೊಂದರ ಪಾಡಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು. ಅಪಘಾತಗಳಲ್ಲಿ ಸುಮಾರು ಐದನೇ ಒಂದು ಪಾಲು ಹಿಂದಿನಿಂದ ಬಂದು ಗುದ್ದಿದವು.

ಮೂರನೇ ದೀಪದ ಕಥೆ

ಹೆಚ್ಚುವರಿ ಬ್ರೇಕ್ ಲೈಟ್ ಎಂಬುದೇ ಕೆಟ್ಟದ್ದು ಎಂದರೆ ತಪ್ಪಾದೀತು. ಇಂದು ಕಾರುಗಳ ಹಿಂಗಾಜಿನ ನಡುಮಧ್ಯೆ ಕಾಣುವ ಮೂರನೇ ಕೆಂಪು ದೀಪ ಒಂದು ಕಾಲಕ್ಕೆ ಹೊರಗಿನಿಂದ ಜೋಡಿಸಿದ್ದೇ ಆಗಿತ್ತು. 1974ರಲ್ಲಿ ಜಾನ್ ವೋವೋಡ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞ ಸ್ಯಾನ್ ಫ್ರಾನ್ಸಿಸ್ಕೋದ ಟ್ಯಾಕ್ಸಿಗಳ ಮೇಲೆ ನಡೆಸಿದ ಪ್ರಯೋಗದ ಫಲಿತಾಂಶ ಪ್ರಕಟಿಸಿದ. 343 ಟ್ಯಾಕ್ಸಿಗಳ ಹಿಂಬದಿಯ ನಡುವೆ ಒಂದು ಹೆಚ್ಚಿನ ದೀಪ ಹಾಕಿಸಿ, 160 ಟ್ಯಾಕ್ಸಿಗಳನ್ನು ಇದ್ದಂತೆಯೇ ಬಿಟ್ಟಿದ್ದ. ದೀಪ ಹಾಕಿದ ಟ್ಯಾಕ್ಸಿಗಳಿಗೆ ಹಿಂದಿನಿಂದ ಗುದ್ದಿದ ಪ್ರಕರಣಗಳು ಶೇ 60.6ರಷ್ಟು ಕಡಿಮೆಯಾಗಿದ್ದವು. ಮುಂದೆ ಇನ್ನಷ್ಟು ಪರೀಕ್ಷೆಗಳು ನಡೆದು, 1986ರ ಮಾದರಿಯಿಂದ ಅಮೆರಿಕದ ಎಲ್ಲ ಹೊಸ ಕಾರುಗಳಿಗೂ 1994ರ ಮಾದರಿಯಿಂದ ಹಗುರ ಟ್ರಕ್ಕು-ವ್ಯಾನುಗಳಿಗೂ ಈ ಮೂರನೇ ದೀಪ ಕಡ್ಡಾಯವಾಯಿತು. ಯುರೋಪು ಆಮೇಲೆ ಅದೇ ದಾರಿ ಹಿಡಿಯಿತು.

ಆ ದೀಪಕ್ಕೆ ಬಲ ಬಂದದ್ದು ಅದು ಕೂತ ಜಾಗದಿಂದ ಮತ್ತು ಅದರ ಸ್ವಭಾವದಿಂದ. ಹಿಂದಿನ ಚಾಲಕನ ಕಣ್ಣಿನ ಎತ್ತರಕ್ಕೆ ಹತ್ತಿರ ಇರುವುದರಿಂದ ಮೊದಲು ಕಾಣುತ್ತದೆ. ನಡುವಿನ ಕಾರಿನ ಗಾಜಿನ ಮೂಲಕ ಮೂರನೆಯವನಿಗೂ ಕಾಣುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಅದು ಟೇಲ್ ಲೈಟಿನ ಕೆಲಸ ಮಾಡುವುದಿಲ್ಲ. ಬ್ರೇಕ್ ಬಿದ್ದಾಗ ಮಾತ್ರ ಹತ್ತುತ್ತದೆ, ಉಳಿದ ಹೊತ್ತು ಕತ್ತಲಾಗಿರುತ್ತದೆ. ಹಾಗಾಗಿ ಹತ್ತಿದರೆ ಅದಕ್ಕೆ ಒಂದೇ ಅರ್ಥ. ವಿಶ್ವಸಂಸ್ಥೆಯ ನಿಯಮಗಳಲ್ಲಿ ಇದರ ಮಿತಿ 25ರಿಂದ 110 ಕ್ಯಾಂಡೆಲಾ. ಅಕ್ಕಪಕ್ಕದ ಎರಡು ಬ್ರೇಕ್ ಲೈಟುಗಳನ್ನು ಮೀರಿ ಮೆರೆಯಲು ಅದಕ್ಕೆ ಅಪ್ಪಣೆಯಿಲ್ಲ.

ಈ ಕಥೆಗೆ ಎರಡನೇ ಭಾಗವೂ ಉಂಟು. ಅಮೆರಿಕದ ಹೆದ್ದಾರಿ ಸುರಕ್ಷತಾ ಆಡಳಿತ 1998ರಲ್ಲಿ ನಿಜವಾದ ಅಪಘಾತಗಳ ದಾಖಲೆ ತೆಗೆದು ನೋಡಿತು. ಟ್ಯಾಕ್ಸಿಗಳಲ್ಲಿ ಕಂಡ ಶೇ 60ರ ಲಾಭ ಎಲ್ಲೂ ಇರಲಿಲ್ಲ. 1987ರಲ್ಲಿ ಶೇ 8.5ರಷ್ಟಿದ್ದ ಲಾಭ ಬರಬರುತ್ತ ಶೇ 4.3ಕ್ಕೆ ಬಂದು ನಿಂತಿತ್ತು. ಕೆಲವೇ ಕಾರುಗಳಲ್ಲಿ ಇದ್ದಾಗ ಅದು ಹೊಸದು, ಕಣ್ಣು ಅತ್ತ ಹರಿಯುತ್ತಿತ್ತು. ಎಲ್ಲ ಕಾರುಗಳಲ್ಲೂ ಬಂದ ಮೇಲೆ ಕಣ್ಣು ಒಗ್ಗಿಕೊಂಡಿತು. ಉಳಿದ ಶೇ 4.3 ಮಾತ್ರ ಆ ದೀಪದ ನಿಜವಾದ ಗಳಿಕೆ. ಅಷ್ಟಾದರೂ ಅಗ್ಗದ ಒಂದು ದೀಪಕ್ಕೆ ಅದು ಭಾರಿ ಗಳಿಕೆಯೇ.

ಮಿಟುಕುವ ಬ್ರೇಕ್ ಲೈಟ್ ಮಾರುವವರು ಈ ಎರಡನೇ ಭಾಗವನ್ನು ಹೇಳುವುದಿಲ್ಲ. ಊರಿಗೆ ಒಬ್ಬನ ಬೈಕು ಮಿಟುಕಿದರೆ ಎಲ್ಲರೂ ತಿರುಗಿ ನೋಡಿಯಾರು. ಹತ್ತು ಬೈಕು ಮಿಟುಕಿದರೆ ಯಾವುದನ್ನು ನೋಡಬೇಕೆಂದು ಕಣ್ಣು ಗಲಿಬಿಲಿಗೊಳ್ಳುತ್ತದೆ. ಇಂಡಿಕೇಟರ್ ಮಿಟುಕುವುದು ತಿರುವಿಗೆ, ಹಜಾರ್ಡ್ ಮಿಟುಕುವುದು ಕೆಟ್ಟು ನಿಂತಾಗ. ಅದಕ್ಕೇ ಅಮೆರಿಕದ ನಿಯಮ ಬ್ರೇಕ್ ಲೈಟ್ ಎಡೆಬಿಡದೆ ಉರಿಯಬೇಕೆನ್ನುತ್ತದೆ. ವಿಶ್ವಸಂಸ್ಥೆಯ ನಿಯಮ ಒಂದೇ ಸಂದರ್ಭದಲ್ಲಿ ಮಿಟುಕಲು ಬಿಡುತ್ತದೆ: ಗಂಟೆಗೆ 50 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿದ್ದಾಗ, ಜೀವ ಉಳಿಸಿಕೊಳ್ಳಲು ಒತ್ತುವಂಥ ಗಟ್ಟಿ ಬ್ರೇಕ್ ಬಿದ್ದಾಗ, ಸೆಕೆಂಡಿಗೆ ಸುಮಾರು ನಾಲ್ಕು ಬಾರಿ. ಅದನ್ನು ನಿರ್ಧರಿಸುವುದು ಕಾರಿನ ಕಂಪ್ಯೂಟರು. ಚಹಾದಂಗಡಿ ಮುಂದೆ ಮೆಲ್ಲಗೆ ನಿಲ್ಲುವಾಗಲೂ ಮಿಟುಕುವ ಫ್ಲ್ಯಾಶರಿಗೂ ಇದಕ್ಕೂ ಸಂಬಂಧವಿಲ್ಲ.

ಗಡಿ ದಾಟಿದರೂ ಬದಲಾಗದ ಕಾಯ್ದೆ

ಉಮದಿಯಿಂದ ಚಡಚಣದ ಕಡೆ ಹೊರಟರೆ ಸ್ವಲ್ಪದರಲ್ಲೇ ರಾಜ್ಯ ಬದಲಾಗುತ್ತದೆ. ಬಸ್ಸಿನ ಬಣ್ಣ, ಶಾಲೆಯ ಪಠ್ಯ, ರೇಷನ್ ಕಾರ್ಡು, ನೀರಾವರಿಯ ಲೆಕ್ಕ ಎಲ್ಲವೂ ಬೇರೆ. ವಾಹನದ ದೀಪದ ನಿಯಮ ಮಾತ್ರ ಬೇರೆಯಾಗುವುದಿಲ್ಲ. ಮೋಟಾರು ವಾಹನ ಸಂವಿಧಾನದ ಸಮವರ್ತಿ ಪಟ್ಟಿಯ ವಿಷಯ. 1988ರ ಕಾಯ್ದೆ, 1989ರ ಕೇಂದ್ರ ನಿಯಮಗಳು ಎಂಎಚ್ 10 ಎಂದು ಬರೆದ ಸಾಂಗಲಿಯ ಗಾಡಿಗೂ ಕೆಎ 28 ಎಂದು ಬರೆದ ವಿಜಯಪುರದ ಗಾಡಿಗೂ ಒಂದೇ. ‘ನಮ್ಮ ಕಡೆ ನಡೀತದ’ ಎಂಬ ಮಾತಿಗೆ ಇಲ್ಲಿ ಗಡಿಯ ಆಸರೆ ಸಿಗುವುದಿಲ್ಲ.

ಕೇಂದ್ರ ನಿಯಮ 102ರ ಪ್ರಕಾರ ನಿಲ್ಲುವ ಸೂಚನೆ ಕೊಡುವ ದೀಪ ಕೆಂಪಾಗಿರಬೇಕು, ಹಿಂದೆ ಇರಬೇಕು, ಬ್ರೇಕ್ ಒತ್ತಿದ ಕೂಡಲೇ ಹತ್ತಬೇಕು. 104ನೇ ನಿಯಮ ಹಿಂದೆ ಎರಡು ಕೆಂಪು ರಿಫ್ಲೆಕ್ಟರ್ ಕೇಳುತ್ತದೆ, ಟ್ರೇಲರಿಗೂ ಸೇರಿಸಿ. 107ನೇ ನಿಯಮ ಅಗಲವಾದ ಸರಕು ವಾಹನದ ಮೇಲ್ತುದಿಯ ಎರಡು ಮೂಲೆಗಳಲ್ಲಿ, ಮುಂದೆ ಬಿಳಿ, ಹಿಂದೆ ಕೆಂಪು ದೀಪ ಇರಲಿ ಎನ್ನುತ್ತದೆ. ವಾಹನದ ಎತ್ತರ, ಅಗಲ ಕತ್ತಲಲ್ಲೂ ತಿಳಿಯಲಿ ಎಂಬುದು ಅದರ ಉದ್ದೇಶ. 108ನೇ ನಿಯಮದಂತೆ ಮುಂದಕ್ಕೆ ಕೆಂಪು ತೋರಿಸುವಂತಿಲ್ಲ, ಹಿಂದಕ್ಕೆ ಕೆಂಪಲ್ಲದ ಬಣ್ಣ ತೋರಿಸುವಂತಿಲ್ಲ. ಇಂಡಿಕೇಟರಿನ ಹಳದಿ, ರಿವರ್ಸ್ ದೀಪದ ಬಿಳಿ, ನಂಬರ್ ಪ್ಲೇಟಿನ ಬೆಳಕು ಇಂಥ ಕೆಲವಕ್ಕಷ್ಟೇ ವಿನಾಯಿತಿ.

ಈ ಕೊನೆಯ ನಿಯಮ ಹಳ್ಳಿಯಲ್ಲಿ ಹೆಚ್ಚು ಮುರಿಯುವುದು ನೀಲಿ ಸ್ಟ್ರೋಬಿನಿಂದ ಅಲ್ಲ, ಟ್ರ್ಯಾಕ್ಟರಿನ ನೇಗಿಲ ದೀಪದಿಂದ. ರಾತ್ರಿ ಉಳುಮೆಗೆಂದು ಹಿಂದಕ್ಕೆ ಬೆಳಕು ಚೆಲ್ಲುವ ಬಿಳಿ ದೀಪ ಅದು. ಹೊಲದಲ್ಲಿ ಬೇಕೇ ಬೇಕು. ಅದನ್ನು ಆರಿಸದೆ ರಸ್ತೆಗೆ ಬಂದರೆ ಹಿಂದಿನವನಿಗೆ ಎದುರಿನಿಂದ ಯಾವುದೋ ವಾಹನ ಬರುತ್ತಿರುವಂತೆ ಕಾಣುತ್ತದೆ. ದೂರದಿಂದ ಬಿಳಿ ಕಂಡರೆ ಬರುತ್ತಿರುವುದು, ಕೆಂಪು ಕಂಡರೆ ಹೋಗುತ್ತಿರುವುದು ಎಂಬ ಮೂಲ ಸೂತ್ರವೇ ಅಲ್ಲಿ ಕಳಚಿಬೀಳುತ್ತದೆ.

ಹೆಚ್ಚುವರಿ ದೀಪ ಹಾಕಿಸುವವರು ತಿಳಿದಿರಬೇಕಾದ ಇನ್ನೊಂದು, ಕಾಯ್ದೆಯ 52ನೇ ಕಲಂ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ವಾಹನ ಮಾರ್ಪಡಿಸುವಂತಿಲ್ಲ ಎಂಬುದನ್ನು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಕೆ. ಜಯಚಂದ್ರ ಪ್ರಕರಣದಲ್ಲಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಮಿನಂತೆ ಕಾಯ್ದೆ ಒಪ್ಪದ ಒಂದೊಂದು ಮಾರ್ಪಾಡಿಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ ಅಥವಾ ಎರಡೂ. ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆಗೆ ಇಳಿದದ್ದೂ ಉಂಟು. ಆಗ ಎಲ್ಲರ ಗಮನ ಮುಂದಿನ ದೀಪಗಳ ಮೇಲಿತ್ತು. ಹಿಂದಿನ ದೀಪಗಳ ಸರದಿ ಇನ್ನೂ ಬರಬೇಕಿದೆ.

ಹಾಕಿಸುವುದಾದರೆ ಹೇಗಿರಬೇಕು?

ಇಷ್ಟೆಲ್ಲ ನಿಯಮ ಓದಿದ ಮೇಲೆ ಒಂದು ಹೆಚ್ಚುವರಿ ಬ್ರೇಕ್ ಲೈಟ್ ಯಾವಾಗ ಉಪಕಾರಿ ಎಂದು ಕೇಳಿದರೆ ಉತ್ತರ ಸರಳ. ಕೆಂಪಾಗಿರಬೇಕು. ಮೂಲ ಬ್ರೇಕ್ ಲೈಟುಗಳ ಜೊತೆಗೇ ಹತ್ತಿ ಜೊತೆಗೇ ಆರಬೇಕು. ಮಿಟುಕಬಾರದು. ನಡುಮಧ್ಯೆ ಇರಬೇಕು, ಇಲ್ಲವೇ ಎರಡೂ ಬದಿಗೆ ಸಮನಾಗಿರಬೇಕು. ಕಂಪನಿಯ ದೀಪಕ್ಕಿಂತ ಪ್ರಖರವಾಗಿರಬಾರದು. ಇಂಡಿಕೇಟರಿಗೆ ಅಂಟಿಕೊಂಡಿರಬಾರದು. ಮೂಲ ದೀಪವನ್ನು ಕಿತ್ತು ಅದರ ಜಾಗದಲ್ಲಿ ಇದನ್ನು ಕೂರಿಸಬಾರದು. ಬೆಲೆ ಎಷ್ಟೇ ಇರಲಿ, ಇಷ್ಟಕ್ಕೆ ಹೊಂದದ ದೀಪ ಅಲಂಕಾರವಷ್ಟೇ.

ವೈರಿಂಗ್ ಕೂಡ ಅಷ್ಟೇ ಮುಖ್ಯ. ಮೂಲ ವೈರನ್ನು ಬ್ಲೇಡಿನಿಂದ ಕೆರೆದು ತಂತಿ ಸುತ್ತಿ ಟೇಪು ಹಾಕಿದ ಕೀಲು ಎರಡು ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಆಗ ಹೊಸ ದೀಪದ ಜೊತೆಗೆ ಹಳೆಯದೂ ಕೈಕೊಡುತ್ತದೆ, ಶಾರ್ಟ್ ಆದರೆ ಬೆಂಕಿಗೂ ದಾರಿ. ಇನ್ನೊಂದು ಸಂಗತಿಯನ್ನು ಎಲ್‌ಇಡಿಯ ಪರವಾಗಿ ಹೇಳಬೇಕು. ತಂತಿಯ ಬಲ್ಬು ಪೂರ್ಣ ಬೆಳಗಲು ಸುಮಾರು ಸೆಕೆಂಡಿನ ಐದನೇ ಒಂದು ಭಾಗ ಬೇಕು, ಎಲ್‌ಇಡಿ ಹೆಚ್ಚುಕಡಿಮೆ ಆ ಕ್ಷಣವೇ ಹತ್ತುತ್ತದೆ. 60 ಕಿ.ಮೀ. ವೇಗದಲ್ಲಿ ಆ ವ್ಯತ್ಯಾಸ ಮೂರು ಮೀಟರಿಗಿಂತ ಹೆಚ್ಚು. ನೇರ ರಸ್ತೆಯಲ್ಲಿ ಅದು ಗುದ್ದುವುದಕ್ಕೂ ಗುದ್ದದೆ ನಿಲ್ಲುವುದಕ್ಕೂ ಇರುವ ಅಂತರ ಆಗಬಹುದು.

ನಿಜವಾಗಿ ದೀಪ ಬೇಕಾದದ್ದು ಯಾರಿಗೆ?

ಹೀಗೆ ನೋಡಿದರೆ ಈ ಸೀಮೆಯಲ್ಲಿ ಹೆಚ್ಚುವರಿ ಬ್ರೇಕ್ ಲೈಟ್ ಎಲ್ಲರಿಗಿಂತ ಮೊದಲು ಬೇಕಾಗಿರುವುದು ಕಬ್ಬಿನ ಟ್ರೇಲರಿಗೆ. ಅಲ್ಲಿ ಅದು ಷೋಕಿ ಆಗುವುದಿಲ್ಲ. ಟ್ರೇಲರಿನ ಹಲಗೆಗೆ ಕೂರಿಸಿದ ದೀಪ ಹೊಸದಿದ್ದರೂ ಹೊರೆ ಹೇರಿದ ಮೇಲೆ ಕಬ್ಬಿನ ಸೋಗೆ ಅದನ್ನು ಮುಚ್ಚುತ್ತದೆ. ಕಾರ್ಖಾನೆಯ ಅಂಗಳದಲ್ಲಿ ಟ್ರೇಲರ್ ಕಳಚುವಾಗ ವೈರಿನ ಪ್ಲಗ್ ತೆಗೆಯಲು ಮರೆತು ಟ್ರ್ಯಾಕ್ಟರ್ ಎಳೆದರೆ ವೈರು ಹರಿಯುತ್ತದೆ. ಹಂಗಾಮು ಮುಗಿಯುವವರೆಗೆ ಅದನ್ನು ಕಟ್ಟಿಸಲು ಯಾರಿಗೂ ಪುರುಸೊತ್ತಿಲ್ಲ. ಒಂದು ಖೇಪು ಹೆಚ್ಚಾದರೆ ಒಂದು ಖೇಪಿನ ದುಡ್ಡು ಎಂಬ ಲೆಕ್ಕದಲ್ಲಿ ಓಡುವ ಗಾಡಿ ಅದು. ಜತ್ತದ ಬರಡು ನೆಲದಿಂದ ಹೊಟ್ಟೆಪಾಡಿಗೆ ಹೊರಟ ಕಟಾವು ಗ್ಯಾಂಗಿನ ಜನ, ಹೆಂಗಸರು ಮಕ್ಕಳ ಸಮೇತ, ಎಷ್ಟೋ ಸಲ ಅದೇ ಗಾಡಿಯ ಮೇಲೆ ಕೂತಿರುತ್ತಾರೆ.

ಊರಿನವರು ಇದಕ್ಕೆ ಕಂಡುಕೊಂಡ ಪರಿಹಾರ ರೇಡಿಯಂ. ಹಿಂದೆ ಒಂದಷ್ಟು ಕೆಂಪು ರೇಡಿಯಂ ಪಟ್ಟಿ ಅಂಟಿಸಿದರೆ ಆಯಿತು ಎಂಬ ನಂಬಿಕೆ. ಪ್ರತಿಫಲಕ ಪಟ್ಟಿ ಒಳ್ಳೆಯದೇ. ಸರಕು ವಾಹನಗಳಿಗೆ ಹಿಂದೆ ಕೆಂಪು, ಪಕ್ಕಕ್ಕೆ ಹಳದಿ, ಮುಂದೆ ಬಿಳಿ ಪಟ್ಟಿಯನ್ನು ನಿಯಮವೇ ಕೇಳುತ್ತದೆ. ಬ್ಯಾಟರಿ ಬೇಡ, ವೈರು ಬೇಡ. ಆದರೆ ಅದರ ಶಕ್ತಿಗೆ ಎಲ್ಲೆಗಳಿವೆ. ಹಿಂದಿನ ವಾಹನದ ಹೆಡ್‌ಲೈಟ್ ಅದರ ಮೇಲೆ ಬಿದ್ದರೆ ಮಾತ್ರ ಹೊಳೆಯುತ್ತದೆ. ಧೂಳು, ಕಬ್ಬಿನ ರಸ, ಕೆಸರು ಮೆತ್ತಿದರೆ ಹೊಳಪು ಸಾಯುತ್ತದೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಅದು ಬ್ರೇಕ್ ಬಿದ್ದದ್ದನ್ನು ಹೇಳಲಾರದು. ಓಡುವ ಟ್ರೇಲರಿನ ಮೇಲೂ ನಿಂತ ಟ್ರೇಲರಿನ ಮೇಲೂ ರೇಡಿಯಂ ಒಂದೇ ಥರ ಮಿನುಗುತ್ತದೆ.

ಬೇಕಾದದ್ದು ಕಳಚಿ ಕಟ್ಟಬಹುದಾದ ಒಂದು ದೀಪದ ಹಲಗೆ. ಬ್ರಿಟನ್ ಮೊದಲಾದ ಕಡೆ ಟ್ರೇಲರುಗಳಿಗೆ ಇಂಥದ್ದು ಬಹಳ ಕಾಲದಿಂದ ಬಳಕೆಯಲ್ಲಿದೆ. ಟೇಲ್ ಲೈಟ್, ಬ್ರೇಕ್ ಲೈಟ್, ಇಂಡಿಕೇಟರ್, ರಿಫ್ಲೆಕ್ಟರ್ ಎಲ್ಲವನ್ನೂ ಹೊತ್ತ ಹಲಗೆ ಅದು. ಹೊರೆ ಹೇರಿ ಹಗ್ಗ ಬಿಗಿದ ಮೇಲೆ ಅದನ್ನು ಕಬ್ಬಿನ ಹೊರಮೈಗೆ, ಸೋಗೆಯ ಮೇಲೆ ಕಟ್ಟುವುದು. ಉದ್ದನೆಯ ವೈರನ್ನು ಟ್ರ್ಯಾಕ್ಟರಿನ ಹಿಂದಿನ ಏಳು ಪಿನ್ನಿನ ಸಾಕೆಟಿಗೆ ಸಿಕ್ಕಿಸುವುದು. ಹೊರೆ ಇಳಿಸುವ ಮುನ್ನ ಬಿಚ್ಚಿ ಚಾಲಕನ ಪಕ್ಕ ಇಡುವುದು. ಎರಡು ಟ್ರೇಲರ್ ಇದ್ದರೂ ಕೊನೆಯದರ ಹಿಂದೆ ಒಂದು ಹಲಗೆ ಸಾಕು. ಎಲ್‌ಇಡಿ ದೀಪ ಎಳೆಯುವ ಕರೆಂಟು ಅತ್ಯಲ್ಪವಾದ್ದರಿಂದ ಉದ್ದ ವೈರಿನಲ್ಲೂ ಬೆಳಕು ಕುಗ್ಗುವುದಿಲ್ಲ. ಪೇಟೆಯ ಯಾವ ಆಟೊ ಇಲೆಕ್ಟ್ರಿಷಿಯನ್ ಆದರೂ ಒಂದು ಸಂಜೆಯಲ್ಲಿ ಇದನ್ನು ಕಟ್ಟಿಕೊಡಬಲ್ಲ.

ಇದನ್ನು ನೋಡಿ ಮಾಡಿಸುವವರು ಯಾರು ಎಂಬುದೇ ಉಳಿದ ಪ್ರಶ್ನೆ. ಸಾಂಗಲಿಯ ಆರ್‌ಟಿಒ ಉಮದಿಯಿಂದ ಬಹು ದೂರ. ಠಾಣೆಯ ಪೊಲೀಸರು ಪ್ರತಿ ಟ್ರೇಲರಿನ ಹಿಂದೆ ನಿಂತು ದೀಪ ನೋಡಲಾರರು. ಟ್ರ್ಯಾಕ್ಟರ್ ಮಾಲೀಕ ಕಟಾವು ಗ್ಯಾಂಗಿನ ಗುತ್ತಿಗೆದಾರನಾದ ಮುಕಾದಮನ ಕಡೆ, ಮುಕಾದಮ ಕಾರ್ಖಾನೆಯ ಕಡೆ ಬೆರಳು ತೋರಿಸುತ್ತಾರೆ. ಆದರೆ ಈ ಸೀಮೆಯ ಕಬ್ಬೆಲ್ಲ ಕೊನೆಗೆ ಹಾದುಹೋಗುವ ಬಾಗಿಲುಗಳು ಬೆರಳೆಣಿಕೆಯಷ್ಟು. ಮಂಗಳವೇಢೆಯ ದಾಮಾಜಿ ಕಾರ್ಖಾನೆಯಾಗಲಿ, ಚಡಚಣ ಸೀಮೆಯ ಹಾವಿನಾಳದ ಕಾರ್ಖಾನೆಯಾಗಲಿ, ಪ್ರತಿಯೊಂದು ಗಾಡಿ ತೂಕದ ಕಾಟಾದ ಮೇಲೆ ಹತ್ತಿ ನಿಂತೇ ಒಳಗೆ ಹೋಗಬೇಕು. ಆ ಕಾಟಾದ ಮೇಲೆ ‘ಬ್ರೇಕ್ ಒತ್ತು’ ಎಂದು ಹೇಳಿ ಹಿಂದೆ ಕಣ್ಣು ಹಾಯಿಸಲು ಅರ್ಧ ನಿಮಿಷ ಬೇಕು. ಹಂಗಾಮಿನ ಆರಂಭದಲ್ಲೇ ಕರಾರಿನ ಜೊತೆ ದೀಪದ ಹಲಗೆ ಕೊಟ್ಟು, ಅದರ ಬೆಲೆಯನ್ನು ಸಾಗಣೆ ಬಿಲ್ಲಿನಲ್ಲಿ ಕಂತಾಗಿ ಹಿಡಿದು, ದೀಪ ಹತ್ತದ ಗಾಡಿಗೆ ಮುಂದಿನ ಖೇಪಿನ ಪಾಳಿ ಇಲ್ಲ ಎಂದು ಕಾರ್ಖಾನೆ ಒಮ್ಮೆ ಹೇಳಿದರೆ ವಾರದೊಳಗೆ ಸೀಮೆಯ ಎಲ್ಲ ಟ್ರೇಲರುಗಳಿಗೂ ಬೆನ್ನಲ್ಲಿ ಬೆಳಕು ಬರುತ್ತದೆ. ಕಬ್ಬಿನ ತೂಕವನ್ನು ಕಿಲೋ ಲೆಕ್ಕದಲ್ಲಿ ಬರೆದುಕೊಳ್ಳುವ ಕಾಟಾದ ಗುಮಾಸ್ತನ ವಹಿಯಲ್ಲಿ ‘ಬ್ರೇಕ್ ಲೈಟ್’ ಎಂಬ ಇನ್ನೊಂದು ಕಾಲಂ ಹಿಡಿಸದಷ್ಟು ಜಾಗದ ಅಭಾವವೇನೂ ಇಲ್ಲ.